ಕೆಲಸದ ವೇಳೆಯಲ್ಲಿ ಕೂತದ್ದು

ನಮ್ಮ ತೀನಾ ಅತ್ತೆ ಕೆಲಸದ ವೇಳೆಯಲ್ಲಿ ಕೂತಳು. ಅದಕ್ಕೆ ಅವಳಿಗೆ ಶಿಕ್ಷೆಯಾಯಿತು. ಪುಸ್ತಕ ಹೊರಲಿಲ್ಲ ಎಂದು ಸ್ಕೂಲಿನವರು ಎಲ್ಲಿಯೂ ಬರೆಯಲಿಲ್ಲ. ಹಾಗೆ ಬರೆದರೆ ಯಾವ ಪುಸ್ತಕ, ಅದನ್ನು ಯಾಕೆ ಹೊರಬೇಕಿತ್ತು ಎಂದು ಯಾರಾದರೂ ಕೇಳಿಯಾರು. ಕೂತಳು ಎಂದರೆ ಯಾರೂ ಏನೂ ಕೇಳುವುದಿಲ್ಲ. ಮೆಕ್ಸಿಕೋ ಮೂಲದ ನಮ್ಮ ಜನ ಕೂರಬಾರದು ಎನ್ನುವುದು ಅರಿಜೋನಾದಲ್ಲಿ ಎಲ್ಲರಿಗೂ ಗೊತ್ತು.

ತೀನಾ ನನ್ನ ಅಪ್ಪನ ತಂಗಿ. ಪೂರ್ತಿ ಹೆಸರು ಎರ್ನೆಸ್ತೀನಾ ಬರ್ರಾಸಾ. ಲಾ ನೋರಿಯಾ ಊರಿನ ಹೈಸ್ಕೂಲಿನಲ್ಲಿ ಗುಡಿಸಿ ಒರೆಸುವ ಕೆಲಸ. ಅದೇ ಸ್ಕೂಲಿನಲ್ಲಿ ನಾನು ಕೊನೆಯ ವರ್ಷ ಓದುತ್ತಿದ್ದೆ. ನನ್ನ ಹೆಸರು ಸೊಕೊರ್ರೊ, ಕರೆಯುವುದು ಕೊಕೊ ಎಂದು. ಅತ್ತೆಯ ಗಂಡ ಫ್ರೆಸ್ನೊ ಕಡೆ ದ್ರಾಕ್ಷಿ ಕೀಳಲು ಹೋದವನು ಇನ್ನೂ ಕೀಳುತ್ತಲೇ ಇದ್ದಾನೆ. ಇಬ್ಬರು ಗಂಡು ಮಕ್ಕಳನ್ನು ಅವಳೊಬ್ಬಳೇ ಮಾಪ್ ಹಿಡಿದು ಸಾಕಿದಳು.

ಮಾಪ್ ಹಿಡಿಯುವುದು ಎಂದರೆ ಏನು ಎಂದು ಹಿಡಿದವರಿಗೆ ಗೊತ್ತು. ನೆನೆದ ಮಾಪ್ ಒಂದು ಸತ್ತ ನಾಯಿಯಷ್ಟು ಭಾರ. ಅದನ್ನು ಎತ್ತಿ, ಹಿಂಡಿ, ಬೀಸಿ, ಮತ್ತೆ ಎತ್ತಬೇಕು. ಬಲಭುಜ ಮೊದಲು ಹೋಗುತ್ತದೆ, ಆಮೇಲೆ ಮಂಡಿ. ಬೆಂಚಿನ ಕೆಳಗೆ ಅಂಟಿಸಿದ ಚ್ಯೂಯಿಂಗ್ ಗಮ್ ಕೆರೆಯಲು ಬೆನ್ನ ಮೇಲೆ ಮಲಗಬೇಕು. ಹುಡುಗರ ಪಾಯಿಖಾನೆ ತೊಳೆಯಲು ಉಸಿರು ಹಿಡಿಯಬೇಕು. ಬೇಸಿಗೆ ರಜೆಯಲ್ಲಿ ಇಡೀ ಸ್ಕೂಲಿನ ನೆಲಕ್ಕೆ ಮೇಣ ಹಚ್ಚಬೇಕು. ಆಗ ಖರ್ಚು ಉಳಿಸಲೆಂದು ಎ.ಸಿ. ಆರಿಸಿರುತ್ತಾರೆ. ಹೊರಗೆ ಕಳ್ಳಿಗಿಡವೂ ಬಾಡುವ ಬಿಸಿಲು, ಒಳಗೆ ಮೇಣದ ಘಾಟು. ಅತ್ತೆಯ ಕೈ ತೊಳೆದರೂ ಬ್ಲೀಚಿನ ವಾಸನೆ. ಅವಳು ಲಟ್ಟಿಸಿದ ತೋರ್ತೀಯಾ ರೊಟ್ಟಿಗೂ ಒಂದು ಚೂರು ಅದೇ ವಾಸನೆ ಇರುತ್ತಿತ್ತು. ನಾವು ಅದರಲ್ಲೇ ಬೆಳೆದೆವು. ಅದಿಲ್ಲದ ರೊಟ್ಟಿ ನನಗೆ ಇವತ್ತಿಗೂ ಸಪ್ಪೆ.

ಸ್ಕೂಲಿನ ಉಪಪ್ರಾಂಶುಪಾಲ ವೀಟ್ಲಿ ಎನ್ನುವವನು. ವೀಟ್ ಎಂದರೆ ಗೋಧಿ ತಾನೆ, ಮನೆಯಲ್ಲಿ ನಾವು ಅವನಿಗೆ ಗೋಧಿಯಪ್ಪ ಎನ್ನುತ್ತಿದ್ದೆವು. ಗೋಧಿಯಪ್ಪ ಅತ್ತೆಯನ್ನು ಡೀನಾ ಎಂದು ಕರೆಯುತ್ತಿದ್ದ. ಅವಳು ಮೊದಮೊದಲು ತಿದ್ದಿದಳು. "ತೀನಾ ಸಾರ್." "ಹೌದೌದು, ಡೀನಾ." ಎದೆಯ ಮೇಲೆ ಹೆಸರು ಹೊಲಿದ ಅಂಗಿಯನ್ನು ಸ್ಕೂಲಿನವರೇ ಕೊಟ್ಟಿದ್ದರು. ಅವನು ಅದರ ಕಡೆ ನೋಡಿದ್ದೇ ಇಲ್ಲ. ಆಮೇಲೆ ಅವಳು ತಿದ್ದುವುದನ್ನು ಬಿಟ್ಟಳು.

ಎರಡನೇ ಮಹಡಿಯಲ್ಲಿ ಉರ್ಕಿದೆಸ್ ಮೇಷ್ಟ್ರ ಕ್ಲಾಸು. ಮೂರನೇ ಪೀರಿಯಡ್ಡಿಗೆ ಅವರು ನಮ್ಮವರ ಚರಿತ್ರೆ ಹೇಳುತ್ತಿದ್ದರು. ಮೆಕ್ಸಿಕೋದವರು ಈ ಊರಿಗೆ ಯಾವಾಗ ಬಂದರು ಎಂದು ಮೊದಲ ದಿನವೇ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. "ಬರಲಿಲ್ಲ ಕಣ್ರೋ, ಇಲ್ಲೇ ಇದ್ರು. ಆಗ ಇದೆಲ್ಲ ಮೆಕ್ಸಿಕೋನೇ. ಗಡಿ ಬಂದಿದ್ದು," ಎಂದರು. ಫುಟ್‌ಬಾಲ್ ಆಡುವ ಎಲೀಸೆಯೊ ಯಾವ ಕ್ಲಾಸಿನಲ್ಲಿಯೂ ತಲೆ ಎತ್ತದೆ ನಿದ್ದೆ ಮಾಡುವವನು. ಅವತ್ತು ಎದ್ದು ಕೂತ. ಅವನ ಅಮ್ಮ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳಂತೆ.

ಆ ಕ್ಲಾಸಿನ ಬಾಗಿಲ ಮುಂದಿನ ಓಣಿ ಮೂರನೇ ಪೀರಿಯಡ್ಡಿನಲ್ಲಿ ಸಿಕ್ಕಾಪಟ್ಟೆ ಕೊಳೆಯಾಗುತ್ತಿತ್ತು. ಕನಿಷ್ಠ ತೀನಾ ಅತ್ತೆಯ ಲೆಕ್ಕದಲ್ಲಿ. ಬಕೆಟ್ ತಂದು ಅಲ್ಲೇ ಒರೆಸಿದ್ದನ್ನೇ ಒರೆಸುತ್ತಿದ್ದಳು. ಬಾಗಿಲು ಅರ್ಧ ತೆರೆದಿರುತ್ತಿತ್ತು. ಮೇಷ್ಟ್ರು ಬೇಕೆಂದೇ ತೆರೆದಿಡುತ್ತಿದ್ದರು ಎಂದು ನನ್ನ ಅನುಮಾನ.

ಒಂದು ದಿನ ಮೇಷ್ಟ್ರು ನಮ್ಮೂರಿನ ತಾಮ್ರದ ಕಂಪನಿ ಕಟ್ಟಿಸಿದ ಈಜುಕೊಳದ ವಿಷಯ ಹೇಳಿದರು. ಹಳೆಯ ಕಾಲದ ಮಾತು. ವಾರದಲ್ಲಿ ಒಂದೇ ದಿನ ಮೆಕ್ಸಿಕೋದವರ ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ಮಾರನೇ ದಿನ ನೀರೆಲ್ಲ ಖಾಲಿ ಮಾಡಿ, ಕೊಳ ತಿಕ್ಕಿ ತೊಳೆದು, ಹೊಸ ನೀರು ತುಂಬಿಸುತ್ತಿದ್ದರು. ಅದು ಕಂಪನಿಯ ನಿಯಮ. ಗೇಟಿಗೆ ಬೋರ್ಡು ಹಾಕಿದ್ದರು. ಬೋರ್ಡಿನ ಫೋಟೋ ತೋರಿಸಿದರು. ಹೊರಗೆ ಮಾಪ್ ಸಪ್ಪಳ ನಿಂತುಹೋಯಿತು.

ಅವತ್ತು ಸಂಜೆ ಅತ್ತೆ ನಮ್ಮ ಮನೆಗೆ ಬಂದಳು. ಅಪ್ಪ ಬೀನ್ಸ್ ಬೇಯಿಸುತ್ತಿದ್ದ.

"ಅಣ್ಣ, ನಮ್ಮಪ್ಪ ಈಜುಕೊಳದ ಕಥೆ ಹೇಳ್ತಿದ್ದನಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು. ನನಗೇ ಗೊತ್ತಿತ್ತು. ತಾತ ಹೇಳುತ್ತಿದ್ದದ್ದು ಹೀಗೆ: 'ನಾವು ಇಳಿದ್ರೆ ನೀರೆಲ್ಲ ಸಾರಾಗೋದು ಕಣಮ್ಮ. ಅಷ್ಟು ರುಚಿ ನಾವು. ಅದಕ್ಕೇ ಪಾಪ ಅವ್ರು ನೀರು ಬದಲಾಯಿಸೋರು.' ಹೇಳಿ ಮೀಸೆ ತಿರುವಿ ನಗುತ್ತಿದ್ದ.

"ಅದು ರೂಲಂತೆ. ಬೋರ್ಡ್ ಹಾಕಿದ್ರಂತೆ."

"ಗೊತ್ತು," ಎಂದ ಅಪ್ಪ.

"ನಿನಗೆ ಗೊತ್ತಿತ್ತಾ?"

"ನಾನು ದೊಡ್ಡವನಲ್ವಾ. ಗೊತ್ತಿತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

ಅಪ್ಪ ಬೀನ್ಸಿಗೆ ಉಪ್ಪು ಹಾಕಿದ. "ನೀನು ನಗ್ತಿದ್ದೆ," ಎಂದ.

ಅತ್ತೆ ಊಟ ಮಾಡದೆ ಹೋದಳು. ನಮ್ಮ ಅತ್ತೆ ಊಟ ಬಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಈ ಮಧ್ಯೆ ರಾಜ್ಯದವರು ಕಾನೂನು ಮಾಡಿದ್ದರು. ಸರ್ಕಾರಿ ಶಾಲೆಯಲ್ಲಿ ಒಂದೇ ಜನಾಂಗದವರಿಗೆಂದು ಪಾಠ ಇರಬಾರದು. ಇನ್ನೊಂದು ಜನಾಂಗದ ಮೇಲೆ ಅಸಮಾಧಾನ ಹುಟ್ಟಿಸುವ ಪಾಠ ಇರಬಾರದು. ಪಾಠ ನಿಲ್ಲಿಸದಿದ್ದರೆ ಶಾಲೆಗಳಿಗೆ ಕೊಡುವ ಹಣ ಕಡಿತ. ನನಗೆ ಅಸಮಾಧಾನ ಹುಟ್ಟಿದ್ದು ಪಾಠದಿಂದ ಅಲ್ಲ. ಅದು ಮೊದಲೇ ಇತ್ತು, ಸುಮ್ಮನೆ ಹೊಟ್ಟೆನೋವಿನ ಹಾಗೆ. ಪಾಠದಲ್ಲಿ ಅದಕ್ಕೆ ಕಾರಣ ಸಿಕ್ಕಿತು, ಅಷ್ಟೆ. ಕಾರಣ ಸಿಕ್ಕಿದ ಮೇಲೆ ನೋವು ಕಡಿಮೆಯೂ ಆಗಿತ್ತು. ಆದರೆ ನಮ್ಮನ್ನು ಯಾರೂ ಕೇಳಲಿಲ್ಲ. ಮಂಗಳವಾರ ರಾತ್ರಿ ಶಾಲಾ ಮಂಡಳಿಯವರು ಪಾಠ ನಿಲ್ಲಿಸೋಣ ಎಂದು ಕೈ ಎತ್ತಿದರು. ಬುಧವಾರ ಬೆಳಿಗ್ಗೆ ಪುಸ್ತಕ ಒಯ್ಯಲು ಬಂದರು.

ಕ್ಲಾಸು ಬಿಟ್ಟ ಮೇಲೆ ಬರಬಹುದಿತ್ತು. ಬರಲಿಲ್ಲ. ಮೂರನೇ ಪೀರಿಯಡ್ಡಿಗೇ ಬಂದರು. ನಾವು ಕೂತಿದ್ದೆವು. ಪುಸ್ತಕಗಳು ನಮ್ಮ ಬೆಂಚಿನ ಮೇಲೆ ತೆರೆದಿದ್ದವು. ಗೋಧಿಯಪ್ಪನ ಜೊತೆ ಮಂಡಳಿಯ ಕಚೇರಿಯವನೊಬ್ಬ ಇದ್ದ. ಅವನ ಟೈ ಮೇಲೆ ಚಿಕ್ಕ ಚಿಕ್ಕ ಕಳ್ಳಿಗಿಡಗಳ ಚಿತ್ರ. ಕಂಕುಳಲ್ಲಿ ಮಡಚಿದ ರಟ್ಟಿನ ಪೆಟ್ಟಿಗೆಗಳು.

"ಪುಸ್ತಕ ಮುಚ್ಚಿ. ಮುಂದಕ್ಕೆ ದಾಟಿಸಿ," ಎಂದ ಗೋಧಿಯಪ್ಪ.

ನಾವು ಮೇಷ್ಟ್ರ ಮುಖ ನೋಡಿದೆವು. ಅವರು ಕೈ ಹಿಂದೆ ಕಟ್ಟಿಕೊಂಡು ಕಿಟಕಿ ಕಡೆ ತಿರುಗಿದರು. ಒಂದು ಮಾತಾಡಿದರೆ ಕೆಲಸ ಹೋಗುತ್ತದೆ ಎಂದು ಮಂಡಳಿಯವರು ಅವರಿಗೆ ಮೊದಲೇ ಹೇಳಿದ್ದರಂತೆ. ಅವರಿಗೆ ಎರಡು ಪುಟ್ಟ ಹೆಣ್ಣುಮಕ್ಕಳು. ಅದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದರೂ ನಾನು ಕ್ಷಮಿಸುತ್ತಿರಲಿಲ್ಲ. ಗಡಿ ಬಂತು ಎಂದು ಗಂಟಲೆತ್ತಿ ಹೇಳಿದ ಮನುಷ್ಯ ಅವರು.

ಯಾರೂ ಪುಸ್ತಕ ದಾಟಿಸಲಿಲ್ಲ. ಗೋಧಿಯಪ್ಪ ವಾಕಿಟಾಕಿಯಲ್ಲಿ ಕೂಗಿದ. "ಡೀನಾ, ತಳ್ಳುಗಾಡಿ ತಗೊಂಡು ಮೇಲೆ ಬಾ."

ಅತ್ತೆ ಬಂದಳು. ತಳ್ಳುಗಾಡಿಯನ್ನು ಬಾಗಿಲ ಬಳಿ ನಿಲ್ಲಿಸಿದಳು. ನನ್ನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಕಿಟಕಿ ಕಡೆ ತಿರುಗಿದ ಮೇಷ್ಟ್ರ ಬೆನ್ನು ನೋಡಿದಳು.

"ಈ ಪುಸ್ತಕಗಳನ್ನೆಲ್ಲ ತುಂಬು. ಕೆಳಗೆ ವ್ಯಾನ್ ನಿಂತಿದೆ."

"ಇದು ಕಸಾನಾ ಸಾರ್?"

"ಅಲ್ಲ."

"ಮುರಿದುಹೋಗಿದೆಯಾ?"

"ಇಲ್ಲ."

"ಇದರ ಮೇಲೆ ಯಾರಾದ್ರೂ ವಾಂತಿ ಮಾಡ್ಕೊಂಡಿದಾರಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಎಂದರು. ಗೋಧಿಯಪ್ಪನ ಕಿವಿ ಕೆಂಪಾಯಿತು.

"ಹಾಗಾದ್ರೆ ಇದು ನನ್ನ ಕೆಲಸ ಅಲ್ಲ," ಎಂದಳು ಅತ್ತೆ.

"ನಾನು ಏನು ಹೇಳ್ತೀನೋ ಅದು ನಿನ್ನ ಕೆಲಸ."

"ನೀವು ಹೇಳಿದ್ದೆಲ್ಲ ಹೊತ್ತಿದೀನಿ ಸಾರ್. ನಿಮ್ಮ ಹಳೇ ಮೇಜು ಹೊತ್ತಿದೀನಿ. ಪಾಯಿಖಾನೆ ಕಟ್ಕೊಂಡಾಗ ಅದನ್ನೂ ಹೊತ್ತಿದೀನಿ. ಇದನ್ನ ಹೊರಲ್ಲ."

"ಹೊರಲ್ಲ ಅಂದ್ರೆ?"

"ಹೊರಲ್ಲ ಅಂದ್ರೆ ಹೊರಲ್ಲ. ಮಂಡಿ ನೋಯ್ತಿದೆ. ಕೂತ್ಕೋತೀನಿ."

ಮುಂದಿನ ಸಾಲಿನಲ್ಲಿ ಒಂದು ಬೆಂಚು ಖಾಲಿ ಇತ್ತು. ಅತ್ತೆ ಅದರಲ್ಲಿ ಕೂತಳು. ಎದುರಿಗೆ ಬರೆಯುವ ಹಲಗೆ ಜೋಡಿಸಿದ ಒಬ್ಬರ ಬೆಂಚು ಅದು, ಚಿಕ್ಕದು. ಅತ್ತೆ ದೊಡ್ಡವಳು. ಪಕ್ಕಕ್ಕೆ ತಿರುಗಿ, ಸೊಂಟ ಸರಿಸಿ, ಹೇಗೋ ತೂರಿಕೊಂಡಳು. ಹತ್ತನೇ ತರಗತಿಯಲ್ಲಿ ಸ್ಕೂಲು ಬಿಟ್ಟವಳು. ಈ ಕಟ್ಟಡದ ಪ್ರತಿ ಬೆಂಚಿನ ಅಡಿಯನ್ನೂ ಕೆರೆದಿದ್ದಾಳೆ. ಸ್ಕೂಲು ಬಿಟ್ಟ ಮೇಲೆ ಬೆಂಚಿನ ಮೇಲೆ ಕೂತದ್ದು ಅವತ್ತೇ. ಕೈ ಎರಡನ್ನೂ ಹಲಗೆಯ ಮೇಲೆ ಇಟ್ಟಳು. ಬ್ಲೀಚಿಗೆ ಬಿಳಿಚಿದ ಬೆರಳುಗಳು. ಎದುರಿಗೆ ಒಂದು ಪುಸ್ತಕ ಇತ್ತು. ಅದನ್ನು ಮುಟ್ಟಲಿಲ್ಲ. ಸುಮ್ಮನೆ ಕೂತಳು.

ನಮಗೆ ನಗು ಬಂದಿತ್ತು. ಅವಳು ಕೂತ ಮೇಲೆ ನಗು ನಿಂತಿತು.

ಗೋಧಿಯಪ್ಪ ಎಲೀಸೆಯೊ ಕಡೆ ಬೆರಳು ತೋರಿಸಿದ. ಎಲೀಸೆಯೊ ಎಂದರೆ ಎರಡು ಸಿಮೆಂಟ್ ಚೀಲವನ್ನು ಒಟ್ಟಿಗೆ ಎತ್ತುವವನು. "ಏ, ನೀನು. ಬಾ, ತುಂಬು."

"ಬೆನ್ನು ನೋವು ಸಾರ್," ಎಂದ ಎಲೀಸೆಯೊ.

"ನೀನು?"

"ನನಗೂ ಬೆನ್ನು ನೋವು ಸಾರ್."

ಆಮೇಲೆ ಇಡೀ ಕ್ಲಾಸಿಗೆ ಬೆನ್ನು ನೋವು ಬಂತು. ನನಗೆ ಕತ್ತೂ ಹಿಡಿದುಕೊಂಡಿತು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಬೆನ್ನು ಹೋದದ್ದು ಲಾ ನೋರಿಯಾದಲ್ಲಿ ಅದೇ ಮೊದಲಿರಬೇಕು. ನಮ್ಮ ಹಿರಿಯರಿಗೆಲ್ಲ ಹೋಗಿತ್ತು, ಆದರೆ ಗಣಿಯಲ್ಲಿ, ಒಬ್ಬೊಬ್ಬರಾಗಿ.

ಕೊನೆಗೆ ಅವರಿಬ್ಬರೇ ತುಂಬಬೇಕಾಯಿತು. ನಮ್ಮ ಬೆಂಚಿನ ಮೇಲಿಂದ ಒಂದೊಂದಾಗಿ ಪುಸ್ತಕ ಎಳೆದುಕೊಂಡರು. ನಾನು ನನ್ನದನ್ನು ಬಿಗಿಯಾಗಿ ಹಿಡಿದೆ. ಗೋಧಿಯಪ್ಪ ಎಳೆದ. ನಾನೂ ಎಳೆದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವನ ಕೈ ಮೆತ್ತಗಿತ್ತು. ಮಗುವಿನ ಕೈಯ ಹಾಗೆ. ಆ ಮೆತ್ತಗಿನ ಕೈ ನನ್ನ ಬೆರಳು ಬಿಡಿಸುತ್ತಿದ್ದಾಗ ಆದ ಅವಮಾನವನ್ನು ಹೇಗೆ ಹೇಳಲಿ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಕಳ್ಳಿಗಿಡದ ಟೈನವನು ಅಂಟುಪಟ್ಟಿ ಎಳೆಯಲು ಹೋಗಿ ತನ್ನ ಟೈಯನ್ನೇ ಪೆಟ್ಟಿಗೆಗೆ ಅಂಟಿಸಿಕೊಂಡ. ಬಗ್ಗಿದವನು ಎದ್ದರೆ ಪೆಟ್ಟಿಗೆಯೂ ಜೊತೆಗೆ ಎದ್ದಿತು. ಗೋಧಿಯಪ್ಪ ತುಂಬಿದ ಪೆಟ್ಟಿಗೆ ಎತ್ತಿದ. ಬಾಗಿಲು ದಾಟುವ ಹೊತ್ತಿಗೆ ಅದರ ತಳ ಬಿಟ್ಟುಕೊಂಡು ಪುಸ್ತಕವೆಲ್ಲ ಓಣಿಗೆ ಚೆಲ್ಲಿತು. ಸದ್ದಿಗೆ ಉಳಿದ ಕ್ಲಾಸುಗಳ ಬಾಗಿಲು ತೆರೆದವು. ಎಲ್ಲರೂ ಇಣುಕಿದರು. ಉಪಪ್ರಾಂಶುಪಾಲರು ಮಂಡಿಯೂರಿ ನೆಲದ ಮೇಲೆ ಹರಿದಾಡುತ್ತಿದ್ದರು.

"ಮಂಡಿ ಬಗ್ಗಿಸಿ ಎತ್ತಿ ಸಾರ್," ಎಂದಳು ಅತ್ತೆ, ಕೂತಲ್ಲಿಂದಲೇ. "ಸೊಂಟ ಹಿಡ್ಕೊಂಡ್ರೆ ರಾತ್ರಿ ನಿದ್ದೆ ಬರಲ್ಲ."

ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅವಳಿಗೆ ಗೊತ್ತು, ನಿದ್ದೆ ಬರುವುದಿಲ್ಲ.

ಗೋಧಿಯಪ್ಪ ಕಾವಲುಗಾರನನ್ನು ಕರೆಸಿದ. ಕಾವಲುಗಾರ ರೋಕೆ ನಮ್ಮ ಪಕ್ಕದ ಬೀದಿಯವನು. ಭಾನುವಾರ ಅತ್ತೆಯ ಮನೆಯಲ್ಲಿ ಮೆನುದೊ ಸಾರು ಕುಡಿದು ಬೋಟಿಯ ಚೂರಿಗಾಗಿ ತಳ ಕೆರೆಯುವವನು. ಬಾಗಿಲಲ್ಲಿ ನಿಂತು ಟೋಪಿ ತೆಗೆದ.

"ಏಳು ತೀನಾ. ನನ್ನನ್ನ ಯಾಕೆ ಸಿಕ್ಕಿಸ್ತೀಯ."

"ಬೆಲ್ ಹೊಡೀಲಿ, ಬರ್ತೀನಿ."

"ಈಗ್ಲೇ ಕರ್ಕೊಂಡು ಬಾ ಅಂದಿದಾರೆ."

"ಹಾಗಾದ್ರೆ ಎತ್ಕೊಂಡು ಹೋಗು. ಹಾಕಿದ ಸಾರೆಲ್ಲ ಎಲ್ಲಿಗೆ ಹೋಯ್ತು ನೋಡೇಬಿಡೋಣ."

ರೋಕೆ ಅವಳ ಮೈ ನೋಡಿದ, ತನ್ನ ಮೈ ನೋಡಿಕೊಂಡ. ಗೋಡೆಗೆ ಒರಗಿ ಬೆಲ್ಲಿಗೆ ಕಾದ. ಬೆಲ್ ಹೊಡೆಯಿತು. ಅತ್ತೆ ಬೆಂಚಿನಿಂದ ಕಷ್ಟಪಟ್ಟು ಬಿಡಿಸಿಕೊಂಡು ಎದ್ದಳು. ನಮ್ಮ ನಡುವೆ, ನಮ್ಮ ಹಾಗೆಯೇ, ಗುಂಪಿನಲ್ಲಿ ಹೊರಗೆ ನಡೆದಳು. ಮೇಷ್ಟ್ರು ಇನ್ನೂ ಕಿಟಕಿಯ ಬಳಿಯೇ ಇದ್ದರು.

ಅವಳನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದರು. ಆಮೇಲೆ ವಿಚಾರಣೆ ಎಂದು ಕರೆದರು. ಅಪ್ಪನೂ ನಾನೂ ಜೊತೆಗೆ ಹೋದೆವು. ಉದ್ದನೆಯ ಮೇಜು. ಆ ಕಡೆ ಮಂಡಳಿಯ ಮೂವರು ಮತ್ತು ಗೋಧಿಯಪ್ಪ. ಈ ಕಡೆ ಅತ್ತೆಗೆ ಕುರ್ಚಿ ಹಾಕಿದ್ದರು. ಅವಳು ಕುರ್ಚಿ ನೋಡಿದಳು.

"ಕೂರಬಹುದಾ? ಇದೂ ಕೆಲಸದ ವೇಳೆನಾ?"

ಅಪ್ಪ ಕೆಮ್ಮಿದ ಹಾಗೆ ಮಾಡಿ ನಕ್ಕ. ಅವರು ನಗಲಿಲ್ಲ. ಕೆಲಸದ ವೇಳೆಯಲ್ಲಿ ವಿದ್ಯಾರ್ಥಿಗಳ ಎದುರು ಕುಳಿತದ್ದು, ಮೇಲಿನವರ ಮಾತು ಕೇಳದೆ ಕುಳಿತೇ ಇದ್ದದ್ದು, ಎಂದು ಓದಿದರು. ಕ್ಷಮೆ ಕೇಳಿದರೆ ಅದೇ ಸ್ಕೂಲಿಗೆ ವಾಪಸು ತೆಗೆದುಕೊಳ್ಳುತ್ತೇವೆ ಎಂದರು. ದೊಡ್ಡ ಮನಸ್ಸು ಮಾಡಿದ್ದೇವೆ ಎಂಬಂತೆ ಕುರ್ಚಿಗೆ ಒರಗಿದರು.

"ಕ್ಷಮೆ ಕೇಳ್ತೀನಿ," ಎಂದಳು ಅತ್ತೆ.

ಅಪ್ಪ ಅವಳ ಕಡೆ ತಿರುಗಿದ.

"ನಿಮ್ಮ ಹತ್ರ ಅಲ್ಲ. ಈ ನನ್ನ ಮಂಡಿ ಹತ್ರ. ಇಷ್ಟು ವರ್ಷ ನಿಲ್ಲಿಸಿದ್ದಕ್ಕೆ. ನಿಮ್ಮ ಹತ್ರ ಕೇಳೋಕೆ ನಾನು ಏನು ಮಾಡಿದೀನಿ ಹೇಳಿ. ಪುಸ್ತಕ ಹೊರಲಿಲ್ಲ. ಅದನ್ನ ಬರೀರಿ, ಕೇಳ್ತೀನಿ."

ಬರೆಯಲಿಲ್ಲ. ಅವಳೂ ಕೇಳಲಿಲ್ಲ. ಅವಳನ್ನು ಸ್ಕೂಲ್ ಬಸ್ಸುಗಳನ್ನು ನಿಲ್ಲಿಸುವ ಜಾಗಕ್ಕೆ ಹಾಕಿದರು. ಊರಾಚೆ, ತಾಮ್ರದ ಗಣಿಯ ಬೂದುಗುಡ್ಡೆಗಳ ಪಕ್ಕ, ತಂತಿಬೇಲಿ ಹಾಕಿದ ಬಯಲು. ನೆರಳು ಎಂದರೆ ಬಸ್ಸಿನದೇ ನೆರಳು. ಅಲ್ಲಿ ಬಸ್ಸುಗಳ ಒಳಗೆ ಗುಡಿಸಿ ತೊಳೆಯುವುದು. ಜನವರಿಯಲ್ಲಿಯೂ ಮುಚ್ಚಿದ ಬಸ್ಸಿನ ಒಳಗೆ ಬೆವರು ಸುರಿಯುತ್ತದೆ. ಮಕ್ಕಳು ಸೀಟಿನ ಸಂದಿಯಲ್ಲಿ ಏನೇನು ತುರುಕುತ್ತಾರೆ ಎಂದು ಕೇಳಬೇಡಿ.

ಸ್ಕೂಲಿನಲ್ಲಿ ಮೂರನೇ ಪೀರಿಯಡ್ಡಿಗೆ ಬೇರೆ ಪುಸ್ತಕ ಬಂತು. ದಪ್ಪನೆಯದು, ಹೊಳಪು ಕಾಗದ. ಉರ್ಕಿದೆಸ್ ಮೇಷ್ಟ್ರೇ ಅದನ್ನು ಓದಿ ಹೇಳಬೇಕು. ಅದರಲ್ಲಿ ನಮ್ಮವರು ಎಲ್ಲಿದ್ದಾರೆ ಎಂದು ಹುಡುಕಿದೆವು. ಒಂದು ಕಡೆ ದೊಡ್ಡ ಟೋಪಿ ಹಾಕಿಕೊಂಡವನೊಬ್ಬ ಕುದುರೆ ಮೇಲಿದ್ದ. ಹೆಸರಿಲ್ಲ. ಕುದುರೆಗೂ ಇರಲಿಲ್ಲ. ಮೇಷ್ಟ್ರು ತಗ್ಗಿದ ದನಿಯಲ್ಲಿ ಓದುತ್ತಿದ್ದರು, ಔಷಧಿ ಬಾಟಲಿಯ ಮೇಲಿನದನ್ನು ಓದಿದ ಹಾಗೆ. ಅವರ ಬಾಗಿಲು ಈಗ ಮುಚ್ಚಿರುತ್ತಿತ್ತು.

ಒಂದು ಶುಕ್ರವಾರ ಎಲೀಸೆಯೊ ಎದ್ದು ನಿಂತ.

"ಕೂತ್ಕೋ ಎಲೀಸೆಯೊ," ಎಂದರು ಮೇಷ್ಟ್ರು.

"ಕೂತು ಕೂತು ಬೆನ್ನು ನೋವು ಸಾರ್," ಎಂದು ಹೊರಟೇಬಿಟ್ಟ.

ನಾನೂ ಎದ್ದೆ. ಎಲ್ಲರೂ ಎದ್ದರು. ಎಲ್ಲಿಗೆ ಹೋಗುವುದು ಎಂದು ಯಾರೂ ಯೋಚಿಸಿರಲಿಲ್ಲ. ಗೇಟಿನ ಹತ್ತಿರ ರೋಕೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ. ನಾವೆಲ್ಲ ದಾಟುವವರೆಗೂ ಕಟ್ಟುತ್ತಲೇ ಇದ್ದ. ದೊಡ್ಡ ರಸ್ತೆಗೆ ಬಂದ ಮೇಲೆ ನಾನೇ ಹೇಳಿದೆ, ಅತ್ತೆಯ ಹತ್ತಿರ ಹೋಗೋಣ ಎಂದು.

ಅತ್ತೆ ನಮ್ಮನ್ನು ನೋಡಿ ಸಂತೋಷಪಡಲಿಲ್ಲ. ಬಸ್ಸಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಳು.

"ನಿಮ್ಮನ್ನ ಯಾರು ಬಿಟ್ಟೋರು?"

"ನಾವೇ ಬಂದ್ವಿ ಅತ್ತೆ."

"ಏನಾದ್ರೂ ತಿಂದಿದೀರಾ?"

ತಿಂದಿರಲಿಲ್ಲ. ಅವಳ ಡಬ್ಬಿಯಲ್ಲಿ ಎರಡು ಬುರ್ರೊ ಇದ್ದವು, ರೊಟ್ಟಿಯೊಳಗೆ ಬೀನ್ಸ್ ಸುತ್ತಿದ್ದು. ಚೂರು ಚೂರು ಮಾಡಿ ಎಲ್ಲರಿಗೂ ಕೊಟ್ಟಳು. ಬಿಸಿಲಿದೆ, ಬಸ್ಸೊಳಗೆ ಕೂರಿ ಎಂದಳು. ಕಾಲು ಒರೆಸಿಕೊಂಡು ಹತ್ತಿ ಎಂದು ಬೈದಳು. ಕೂತೆವು.

ಸ್ವಲ್ಪ ಹೊತ್ತಿಗೆ ಮೇಷ್ಟ್ರ ಹಳೆಯ ಕಾರು ಧೂಳೆಬ್ಬಿಸಿಕೊಂಡು ಬಂತು. ಅವರೊಬ್ಬರೇ ಇಳಿದರು. ಅಂಗಿ ಬೆನ್ನಿಗೆ ಅಂಟಿತ್ತು.

"ಮಕ್ಕಳನ್ನ ಕರ್ಕೊಂಡು ಬಾ ಅಂತ ಕಳ್ಸಿದಾರೆ, ಸೆನ್ಯೋರಾ ಬರ್ರಾಸಾ," ಎಂದರು. ಅತ್ತೆಯನ್ನು ಹಾಗೆ ಶ್ರೀಮತಿ ಎಂದು ಮನೆತನದ ಹೆಸರಿಟ್ಟು ಕರೆಯುತ್ತಿದ್ದದ್ದು ಅವರೊಬ್ಬರೇ.

"ಕರ್ಕೊಂಡು ಹೋಗಿ. ನಾನೇನು ಕಟ್ಟಿಹಾಕಿದೀನಾ?"

ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ನಮ್ಮನ್ನು ನೋಡಿದರು. ನಾವು ಕಿಟಕಿಯಾಚೆ ನೋಡಿದೆವು. ಅವರು ಕಾಲು ಕೆಳಗಿಟ್ಟರು.

"ಅವತ್ತು ನಾನು ಬಾಯಿ ಬಿಡ್ಬೇಕಿತ್ತು," ಎಂದರು. "ನನಗೆ ಎರಡು ಚಿಕ್ಕ ಮಕ್ಕಳು, ಸೆನ್ಯೋರಾ."

"ನನ್ನವು ಹುಟ್ಟುವಾಗ್ಲೇ ದೊಡ್ಡವಾಗಿದ್ವಾ ಮೇಷ್ಟ್ರೇ?"

ಅತ್ತೆ ಸ್ವಲ್ಪ ಹೊತ್ತು ಅವರನ್ನು ಹಾಗೆಯೇ ನಿಲ್ಲಿಸಿದಳು. ಬಿಸಿಲಲ್ಲಿ. ನನಗೆ ಅದು ಸರಿ ಅನ್ನಿಸಿತು. ಆಮೇಲೆ ಅವಳು ಏಪ್ರನ್ನಿನ ಜೇಬಿನಿಂದ ಕೆರೆಯುವ ತಗಡು ತೆಗೆದು ಅವರ ಕೈಗೆ ಕೊಟ್ಟಳು.

"ಇಡೀ ಬಸ್ಸಿನ ಸೀಟಿನ ಕೆಳಗೆ ಗಮ್ ಇದೆ. ನನಗೆ ಬಗ್ಗೋಕೆ ಆಗಲ್ಲ. ಮಕ್ಕಳು ಸುಮ್ನೆ ಕೂತಿವೆ. ಅದನ್ನ ಕೆರೀರಿ. ಕೆರೀತಾ ಕೆರೀತಾ ಏನಾದ್ರೂ ಹೇಳಿ."

"ಹೇಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ."

"ಕ್ಲಾಸಲ್ಲಿ ಹೇಳೋ ಹಾಗಿಲ್ಲ. ಇದು ಬಸ್ಸು."

ಮೇಷ್ಟ್ರು ತಗಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಟೈ ಬಿಚ್ಚಿ ಕಾರಿನೊಳಗೆ ಎಸೆದರು. ಬಸ್ಸು ಹತ್ತಿ, ಮೊದಲ ಸೀಟಿನ ಬಳಿ ಮಂಡಿಯೂರಿ, ತಲೆ ಒಳಗೆ ತೂರಿಸಿದರು. ಕರಕರ ಸದ್ದು ಶುರುವಾಯಿತು. ಒಂದು ಸೀಟು ಮುಗಿಯಿತು. ಎರಡನೆಯದಕ್ಕೆ ಸರಿದರು. ಅಲ್ಲಿಂದ, ಸೀಟಿನ ಅಡಿಯಿಂದ, ಅವರ ದನಿ ಬಂತು. ಮೊದಲು ಸಣ್ಣಗೆ.

"ಈ ಗಣಿಯಲ್ಲಿ... ನಮ್ಮವರು ಮೊದಲನೇ ಸಲ ಕೆಲಸ ನಿಲ್ಲಿಸಿದಾಗ..."

ಬಯಲಿನ ಮೇಸ್ತ್ರಿ ದೂರದಿಂದ ಕೂಗಿದ, ಬಸ್ಸಿನಲ್ಲಿ ಯಾರದು ಅಷ್ಟೊಂದು ಜನ ಎಂದು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಬಸ್ಸಲ್ಲಿ ಇನ್ಯಾರು ಕೂರ್ತಾರೆ? ಪ್ರಯಾಣಿಕರು," ಎಂದು ಕೂಗಿದಳು.

ಮತ್ತೆ ಒಳಗೆ ಬಂದು, ಬಕೆಟ್ ಬದಿಗಿಟ್ಟು, ಎಲ್ಲಕ್ಕಿಂತ ಹಿಂದಿನ ಉದ್ದ ಸೀಟಿನಲ್ಲಿ ಆರಾಮಾಗಿ ಕಾಲು ಚಾಚಿ ಕೂತಳು.

"ಜೋರಾಗಿ ಹೇಳಿ ಮೇಷ್ಟ್ರೇ," ಎಂದಳು. "ಹಿಂದಿನ ಸೀಟಿಗೆ ಕೇಳ್ತಿಲ್ಲ."